ಹಾಡುವ ಮುನ್ನ ಕಂಠ ಹದಗೊಳ್ಳಬೇಕು

ಪ್ರಶ್ನೆ: ಹತ್ತು ವರ್ಷಗಳಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಕಛೇರಿಯಲ್ಲಿ ಮೊದಲ ವರ್ಣ (ಕಛೇರಿಯ ಆರಂಭದಲ್ಲಿ ಹಾಡುವ ರಚನೆ) ಹಾಡುವಾಗಲೇ ತಾರಷಡ್ಜದಲ್ಲಿ, ಅಂದರೆ ಮೇಲಿನ ಸ್ಥಾಯಿಯ ‘ಸ’ದಲ್ಲಿ, ದನಿ ಒಡೆಯುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಸರಿಹೋಗುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಸ್ವಲ್ಪ ಹೊತ್ತಿನ ನಂತರ ಸರಿಹೋಗುತ್ತದೆ ಎಂದು ನೀವೇ ಬರೆದಿರುವುದರಿಂದ, ಕಂಠದಲ್ಲಿ ದೋಷವಿರುವುದಕ್ಕಿಂತ ಅದು ಹದಗೊಳ್ಳುವ ಮೊದಲೇ ನೀವು ವೇದಿಕೆ ಏರುತ್ತಿರುವ ಸಾಧ್ಯತೆಯೇ ಹೆಚ್ಚು. ಹೊರಡುವ ಮುನ್ನ ತಂಬೂರಿಯ ಶ್ರುತಿಗೆ ತುಟಿ ಮುಚ್ಚಿ ಆಧಾರಷಡ್ಜವನ್ನು (ಮೂಲ ‘ಸ’) ಮೆಲ್ಲಗೆ ಗುನುಗಿ. ತುಟಿಗಳಲ್ಲಿ, ಮೂಗಿನ ಬುಡದಲ್ಲಿ ಸಣ್ಣ ಕಂಪನ ತಿಳಿಯಬೇಕು. ಅನಂತರ ಅಕಾರದಲ್ಲಿ (‘ಆ’ ಎಂದು ಹಾಡುತ್ತ) ಮಂದ್ರ ಪಂಚಮದವರೆಗೆ, ಅಂದರೆ ಕೆಳಗಿನ ಸ್ಥಾಯಿಯ ‘ಪ’ದವರೆಗೆ, ಇಳಿದು, ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು (ಆರಂಭಿಕ ಸ್ವರಪಾಠ) ಒಂದನೆಯ ಕಾಲದ ನಿಧಾನಗತಿಯಲ್ಲೇ ಹಾಡುತ್ತ, ತಾರಸ್ಥಾಯಿಯನ್ನು ಕೊನೆಗೆ ಉಳಿಸಿಕೊಳ್ಳಿ. ಇದಕ್ಕೆ 20 ನಿಮಿಷ ಸಾಕು.

ಚಕ್ಕಳಮಕ್ಕಳ ಹಾಕಿ ಕುಳಿತು ತಾಳ ಹಾಕುವಾಗ ಬೆನ್ನು ಬಾಗಿ, ಗಲ್ಲ ಮುಂದಕ್ಕೆ ಚಾಚಿದರೆ ಪಕ್ಕೆಲುಬುಗಳು ಬಿಚ್ಚಿಕೊಳ್ಳದೆ ಉಸಿರು ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಕುತ್ತಿಗೆ, ಭುಜಗಳನ್ನು ಮೊದಲೇ ಸಡಿಲಿಸಿಕೊಳ್ಳಿ. ವೇದಿಕೆಯಲ್ಲಿ ಫ್ಲಾಸ್ಕಿನ ಬಿಸಿನೀರು ಹಿತವೆನಿಸುವುದು ನಿಜ, ಆದರೆ ನುಂಗಿದ ನೀರು ಅನ್ನನಾಳಕ್ಕೆ ಇಳಿಯುತ್ತದೆಯೇ ಹೊರತು ಧ್ವನಿತಂತುಗಳನ್ನು ನೇರವಾಗಿ ತೋಯಿಸುವುದಿಲ್ಲವಾದ್ದರಿಂದ ಬೆಳಗಿನಿಂದಲೇ ಆಗಾಗ್ಗೆ ನೀರು ಕುಡಿಯಿರಿ. ದನಿಯ ಒರಟುತನ ಮೂರು ವಾರ ಮೀರಿದರೆ ದಯವಿಟ್ಟು ಸಾಧನೆ ನಿಲ್ಲಿಸಿ, ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.