ಓದುಗರ ಪ್ರಶ್ನೆ: ಪರದೇಶದಲ್ಲಿ ಶ್ರಮದಾನಕ್ಕೆ ಹೊರಟವರಿಗೆ

ಪ್ರಶ್ನೆ: ನಾನು ಫರಸಿ ಕಲ್ಲಿನ ಗಣಿ, ಪಾಲಿಶ್ ಮಷಿನ್ ನೋಡುತ್ತಲೇ ಬೆಳೆದವನು. ಎರಡು ತಿಂಗಳ ನಂತರ ಸ್ವಯಂಸೇವಕರ ತಂಡವೊಂದರ ಜೊತೆ ಕೀನ್ಯಾದ ನೈರೋಬಿ ಹತ್ತಿರ ಮೂರು ವಾರ ಶಾಲಾ ಕೋಣೆ ಕಟ್ಟುವ ಕೆಲಸಕ್ಕೆ ಹೊರಟಿದ್ದೇನೆ. ಮೈಮುರಿದು ದುಡಿಯುವುದು ನನಗೆ ಹೊಸದಲ್ಲ. ಆದರೂ ಏನೇನು ಎಚ್ಚರಿಕೆ ಬೇಕು?
– ಓದುಗರೊಬ್ಬರು, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ‘ಹೊಸದಲ್ಲ’ ಎಂಬ ನಿಮ್ಮ ಮಾತೇ ನನಗೆ ಕೊಂಚ ದಿಗಿಲು ಹುಟ್ಟಿಸಿತು. ಏನೂ ಅರಿಯದವನು ಕೇಳಿ ಕೇಳಿ ಕೆಲಸ ಮಾಡುತ್ತಾನೆ, ಅರೆಬರೆ ಬಲ್ಲವನು ನುಗ್ಗುತ್ತಾನೆ.

ನೈರೋಬಿಯ ಸುತ್ತ ಹಲವೆಡೆ ಇರುವುದು ನಮ್ಮ ಹೊಲಗಳಲ್ಲಿರುವಂಥ ಎರೆ ಮಣ್ಣೇ. ಬೇಸಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಈ ಮಣ್ಣಿನಲ್ಲಿ ಗಟ್ಟಿ ನೆಲ ಸಿಗುವವರೆಗೂ ಪಾಯ ತೋಡಬೇಕಾಗುತ್ತದೆ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುವುದರಿಂದ, ಎದೆಮಟ್ಟ ಕುಸಿದರೂ ಉಸಿರು ಕಟ್ಟುತ್ತದೆ. ಆಳ 5 ಅಡಿಗೆ ಬಂತೆಂದರೆ, ಬದಿಗೆ ಹಲಗೆಯ ಆಸರೆ ಕೊಡದ ಹೊರತು, ಯಾರು ಎಷ್ಟು ಅವಸರಪಡಿಸಿದರೂ ಇಳಿಯಬೇಡಿ. ಅಗೆದ ಮಣ್ಣು ಅಂಚಿನಿಂದ 2 ಅಡಿಯಾದರೂ ದೂರ ಬೀಳಲಿ.

ಇನ್ನು ಸಿಮೆಂಟು. ಹಸಿ ಕಾಂಕ್ರೀಟು ಬೂಟಿನೊಳಗೆ ಸೇರಿದರೆ ಮೊದಲಿಗೆ ತಂಪಾಗಿಯೇ ಇರುತ್ತದೆ, ನೋವು ತಿಳಿಯುವುದಿಲ್ಲ. ಸಂಜೆ ಕಾಲುಚೀಲ ಎಳೆದಾಗಲೇ ಚರ್ಮ ಸುಟ್ಟು ಕಪ್ಪಾಗಿರುವುದು ಕಾಣುವುದು. ಅದರಲ್ಲಿನ ಕ್ಷಾರ ಅಷ್ಟು ತೀಕ್ಷ್ಣ. ಆದ್ದರಿಂದ ಬೂಟು ಉದ್ದವಿರಲಿ, ಪ್ಯಾಂಟು ಅದರ ಹೊರಗೆ ಇಳಿಬಿದ್ದಿರಲಿ. ಮೈಗೆ ತಗುಲಿದ ಗಳಿಗೆಯಲ್ಲೇ ಧಾರಾಳ ನೀರಿನಿಂದ ತೊಳೆಯಿರಿ. ನಮ್ಮಲ್ಲಿ ಹವಾಯಿ ಚಪ್ಪಲಿಯಲ್ಲೇ ಸ್ಲ್ಯಾಬ್ ಹಾಕುತ್ತಾರೆ, ನಿಜ. ಆ ಧೈರ್ಯವನ್ನು ಮಾತ್ರ ಊರಲ್ಲೇ ಬಿಟ್ಟು ಹೋಗಿ. ಕಲ್ಲು ಕೊಯ್ಯುವಾಗ ನೀರು ಹಾಯಿಸಲಿ, ಎನ್-95 ಮಾಸ್ಕ್ ಇರಲಿ. ಶ್ವಾಸಕೋಶ ಕೆಡಿಸುವ ಕಲ್ಲಿನ ನುಣ್ಣನೆಯ ಸಿಲಿಕಾ ದೂಳನ್ನು ಮುಖಕ್ಕೆ ಸುತ್ತಿದ ಟವೆಲ್ಲು ತಡೆಯದು.

ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಕಲಬುರಗಿಯ 42 ಡಿಗ್ರಿ ಕಂಡವರಿಗೆ ಅಲ್ಲಿನ ಹವೆ ಹಿತವೆನಿಸಿ ನೀರು ಕುಡಿಯುವುದೇ ಮರೆಯುತ್ತದೆ, ಬಿಸಿಲು ಮಾತ್ರ ಚುರುಕಾಗಿಯೇ ಸುಡುತ್ತದೆ. ಎತ್ತರಕ್ಕೆ ಮೈ ಒಗ್ಗಲು ಮೊದಲೆರಡು ದಿನ ಅರ್ಧ ಕೆಲಸ ಸಾಕು.

ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ ಹೊರಡುವುದಕ್ಕೆ 10 ದಿನ ಮುಂಚೆಯೇ ಹಾಕಿಸಿ. ಪ್ರಮಾಣಪತ್ರವಿಲ್ಲದೆ ಮರಳಿದರೆ ಇಲ್ಲಿಯ ವಿಮಾನ ನಿಲ್ದಾಣದಿಂದಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡು 10 ವರ್ಷ ಕಳೆದಿದ್ದರೆ ಅದನ್ನೂ ಹಾಕಿಸಿ. ತುಕ್ಕು ಮೊಳೆ ತುಳಿದ ಮೇಲೆ ಆ ಚುಚ್ಚುಮದ್ದಿಗಾಗಿ ಅಲೆಯುವ ಪಾಡು ತಪ್ಪುತ್ತದೆ. ಮಲೇರಿಯಾ ಮಾತ್ರೆಯ ವಿಚಾರವನ್ನು ವೈದ್ಯರಲ್ಲಿ ಕೇಳಿ.

ಪ್ರಶ್ನೆ: ಮಗಳು ಇಂಥದ್ದೇ ತಂಡದೊಡನೆ ಹೊರಟಿದ್ದಾಳೆ. ಪ್ರವಾಸ ವಿಮೆ ಮಾಡಿಸಿದರೆ ಸಾಕೇ?
– ಓದುಗರೊಬ್ಬರು, ಬೀದರ್

ಉತ್ತರ: ಸಾಲದು. ಎಷ್ಟೋ ಪಾಲಿಸಿಗಳು ದೈಹಿಕ ಕೆಲಸ, ಎತ್ತರದ ಕೆಲಸ ಮತ್ತು ಯಂತ್ರೋಪಕರಣಗಳಿಂದಾದ ಗಾಯವನ್ನು ಸಣ್ಣ ಅಕ್ಷರದಲ್ಲಿ ಹೊರಗಿಡುತ್ತವೆ. ಏಜೆಂಟರ ಬಾಯಿಮಾತು ಬೇಡ. ಆಕೆ ಮಾಡಲಿರುವ ಕೆಲಸವನ್ನು ಹೆಸರಿಸಿ, ಅದಕ್ಕೆ ರಕ್ಷಣೆ ಇದೆಯೆಂಬುದನ್ನು ಬರಹದಲ್ಲೇ ಪಡೆದು, ಒಂದು ಪ್ರತಿ ನಿಮ್ಮಲ್ಲೂ ಇಟ್ಟುಕೊಳ್ಳಿ.