ಅಮ್ಮನಿಗೆ 60 ವರ್ಷ. ಅಕ್ಷರ ಕಲಿಯಲು ಶುರು ಮಾಡಿ ಕಷ್ಟ ಅಂತ ಬಿಟ್ಟಿದ್ದಾರೆ. ಈ ವಯಸ್ಸಿನಲ್ಲಿ ಓದು ಬರುತ್ತಾ?

ಖಂಡಿತ ಬರುತ್ತದೆ. ಕೇರಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ತೆಗೆದರು.

ಕಷ್ಟ ಜಾಸ್ತಿ ಇರುವುದು ಶುರುವಿನಲ್ಲೇ. ಮಾತು ಕೇಳಿ ಕೇಳಿಯೇ ಬರುತ್ತದೆ, ಓದು ಹಾಗಲ್ಲ. ಅಕ್ಷರದ ಆಕಾರವನ್ನು ಅದರ ಸದ್ದಿಗೆ ಜೋಡಿಸುವುದನ್ನು ಮಿದುಳು ಹೊಸದಾಗಿ ರೂಢಿ ಮಾಡಿಕೊಳ್ಳಬೇಕು. ಒಂದೊಂದೇ ಅಕ್ಷರ ಕೂಡಿಸುತ್ತಾ ಪದದ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಇದು ದಡ್ಡತನ ಅಲ್ಲವೇ ಅಲ್ಲ. ದಿನಾ ಸ್ವಲ್ಪ ಓದಿದರೆ ಅಕ್ಷರ ಗುರುತಿಸುವುದು ತಾನಾಗಿ ಆಗುತ್ತದೆ, ಆಗ ಗಮನವೆಲ್ಲ ಅರ್ಥದ ಕಡೆ ಹೋಗುತ್ತದೆ. ದೊಡ್ಡವರಾದ ಮೇಲೆ ಕಲಿತವರಲ್ಲೂ ಮಿದುಳಿನಲ್ಲಿ ಅಕ್ಷರ ಗುರುತಿಸುವ ಭಾಗ ಚುರುಕಾಗುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ.

ನಿಮ್ಮ ಅಮ್ಮನಿಗೆ ಸಾವಿರಾರು ಕನ್ನಡ ಪದಗಳು ಆಗಲೇ ಗೊತ್ತು, ಅಲ್ವಾ? ಅದೇ ದೊಡ್ಡ ಅನುಕೂಲ. ಹಾಗಾಗಿ ಸುಮ್ನೆ ಇಡೀ ವರ್ಣಮಾಲೆ ಬಾಯಿಪಾಠ ಮಾಡಿಸಬೇಡಿ. ರ, ಗ, ಸ, ದ, ಅ ಇಷ್ಟು ಬಂದರೆ ಸಾಕು, ಸರ, ದರ, ಅರಸ, ಗರಗಸ ಓದಬಹುದು. ಒತ್ತಕ್ಷರ ಆಮೇಲೆ ನೋಡಿಕೊಳ್ಳಿ. ಅದಕ್ಕೂ ಮೊದಲು ಕಣ್ಣು ತೋರಿಸಿ. ಎಷ್ಟೋ ಜನರಿಗೆ ಬೇಕಿರುವುದು ಒಂದು ಕನ್ನಡಕ. ಮತ್ತೆ, ಮೊಮ್ಮಕ್ಕಳ ಮುಂದೆ ತಪ್ಪು ತಿದ್ದಬೇಡಿ. ನಾಚಿಕೆಯಾದರೆ ಪುಸ್ತಕ ಮುಚ್ಚಿಟ್ಟುಬಿಡುತ್ತಾರೆ.