ಚರ್ಚಾಸ್ಪರ್ಧೆಗೆ ಇನ್ನೆಷ್ಟು ತರ್ಕದೋಷ ಬಾಯಿಪಾಠ ಮಾಡಬೇಕು?

ಸ್ಪರ್ಧೆಗೆ ಎರಡು ವಾರ ಇದೆ, 30 ತರ್ಕದೋಷಗಳ ಹೆಸರು ಬಾಯಿಗೆ ಬಂದಿದೆ, ಇನ್ನೆಷ್ಟು ಕಲಿತರೆ ಗೆಲ್ಲಬಹುದು ಎಂದು ಕೇಳಿದ್ದೀರಿ. ಇನ್ನೊಂದನ್ನೂ ಕಲಿಯಬೇಡಿ. ಅಂಥದ್ದೇ ಪಟ್ಟಿ ನೆಚ್ಚಿಕೊಂಡು ನಾನು ಸೋತಿದ್ದೇನೆ.

ವಿಷಯ ‘ಹೋಂವರ್ಕ್ ರದ್ದಾಗಬೇಕು’. ನಾನು ಪರ. ತಲಾ 4 ನಿಮಿಷ. ನನಗಿಂತ ಮೊದಲು ಮಾತಾಡಿದ ವಿರೋಧದ ಹುಡುಗಿಯ ವಾದ ಇಷ್ಟು: ಹೋಂವರ್ಕ್ ನಿಂತರೆ ಮನೆಯಲ್ಲಿ ಅಭ್ಯಾಸ ನಿಲ್ಲುತ್ತದೆ, ಯಾಕೆಂದರೆ ಹೇಳದೆ ಯಾರೂ ಪುಸ್ತಕ ತೆಗೆಯುವುದಿಲ್ಲ, ಅಭ್ಯಾಸ ನಿಂತರೆ ಕಲಿತ ಲೆಕ್ಕ ಮರೆತುಹೋಗುತ್ತದೆ, ಮರೆತರೆ ಮುಂದಿನ ಪಾಠ ತಲೆಗೆ ಹತ್ತುವುದಿಲ್ಲ, ಯಾಕೆಂದರೆ ಅದು ಹಿಂದಿನ ಪಾಠದ ಮೇಲೆ ನಿಂತಿದೆ, ಕೊನೆಗೆ ಮಕ್ಕಳು ಓದನ್ನೇ ಬಿಡುತ್ತಾರೆ. ನಾನು ಎದ್ದು ‘ಇದು ಸ್ಲಿಪರಿ ಸ್ಲೋಪ್’ (ಜಾರುಬಂಡೆ ವಾದ) ಅಂದೆ. ಅವಳು ಶಿಕ್ಷಕರ ಅನುಭವ ಹೇಳಿದ್ದಕ್ಕೆ ‘ಅಪೀಲ್ ಟು ಅಥಾರಿಟಿ’ (ದೊಡ್ಡವರು ಹೇಳಿದರೆಂದು ನಂಬಿಸುವುದು) ಅಂದೆ. ಇನ್ನೂ ಎರಡು ಹೆಸರು ಹೇಳಿ, ಒಂದೊಂದಕ್ಕೂ ಅರ್ಥ ಬಿಡಿಸುವಷ್ಟರಲ್ಲಿ ಎರಡೂವರೆ ನಿಮಿಷ ಹೋಗಿತ್ತು. ಮುಗಿದ ಮೇಲೆ ತೀರ್ಪುಗಾರರು ಕೇಳಿದ್ದು ಒಂದೇ ಮಾತು: “ಆ ಸರಪಳಿಯಲ್ಲಿ ಯಾವ ಕೊಂಡಿ ಸಡಿಲ ಅಂತ ಹೇಳಲೇ ಇಲ್ಲವಲ್ಲ?”

ಆ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಹೀಗಾದರೆ ಹಾಗಾಗುತ್ತದೆ, ಹಾಗಾದರೆ ಇನ್ನೊಂದಾಗುತ್ತದೆ’ ಎಂದ ಮಾತ್ರಕ್ಕೆ ಸ್ಲಿಪರಿ ಸ್ಲೋಪ್ ಆಗುವುದಿಲ್ಲ. ನಡುವಿನ ಕೊಂಡಿಗಳಿಗೆ ಕಾರಣ ಕೊಡದೆ ನೇರ ಪ್ರಪಾತಕ್ಕೆ ಜಾರಿಸಿದಾಗ ಮಾತ್ರ ಅದು ದೋಷ. ಅವಳ ಸರಪಳಿಯಲ್ಲಿ ಬರಿಗೈಯಲ್ಲಿ ನಿಂತದ್ದು ‘ಓದನ್ನೇ ಬಿಡುತ್ತಾರೆ’ ಎಂಬ ಕೊನೆಯ ಕೊಂಡಿ. ಅದನ್ನು ಕತ್ತರಿಸಿದ್ದರೂ ನನಗೆ ಲಾಭವಿರಲಿಲ್ಲ. ‘ಮುಂದಿನ ಪಾಠ ತಲೆಗೆ ಹತ್ತುವುದಿಲ್ಲ’ ಎಂಬಷ್ಟು ಉಳಿದರೂ ಅವಳ ಪಕ್ಷ ಗೆಲ್ಲುತ್ತದೆ. ನಿಜವಾದ ಬಿರುಕು ಇದ್ದದ್ದು ಮೊದಲ ಕೊಂಡಿಗೂ ಎರಡನೆಯದಕ್ಕೂ ನಡುವೆ. ಮೊದಲನೆಯದರಲ್ಲಿ ‘ಮನೆಯ ಅಭ್ಯಾಸ’ ಎಂದಿದ್ದದ್ದು ಎರಡನೆಯದರಲ್ಲಿ ಬರೀ ‘ಅಭ್ಯಾಸ’ ಆಗಿಬಿಟ್ಟಿತ್ತು. ಒಂದು ಪದ ಸದ್ದಿಲ್ಲದೆ ಜಾರಿಹೋಗಿತ್ತು. ಪಟ್ಟಿಯಲ್ಲಿ ಹೆಸರು ಹುಡುಕುತ್ತಿದ್ದ ನನಗೆ ಅದು ಕಿವಿಗೇ ಬೀಳಲಿಲ್ಲ. ಶಿಕ್ಷಕರ ಮಾತೂ ಅಷ್ಟೇ: ತಮ್ಮದಲ್ಲದ ಕ್ಷೇತ್ರದ ಬಗ್ಗೆ ಹೇಳಿದವರನ್ನು ಪ್ರಮಾಣ ಮಾಡಿಕೊಂಡರೆ ದೋಷ. ಕಲಿಕೆಯ ಬಗ್ಗೆ ಶಿಕ್ಷಕರು ಹೇಳಿದರೆ ಅದು ಸಾಕ್ಷ್ಯ. ಅದರ ತೂಕವನ್ನು ಪ್ರಶ್ನಿಸಬಹುದು, ತಳ್ಳಿಹಾಕುವಂತಿಲ್ಲ.

ನಮ್ಮ ಪ್ರಾಚೀನ ತರ್ಕಗ್ರಂಥವಾದ ನ್ಯಾಯಸೂತ್ರದಲ್ಲಿ ವಾದಿ ಸೋಲುವ 22 ಸಂದರ್ಭಗಳನ್ನು ನಿಗ್ರಹಸ್ಥಾನ ಎಂದು ಎಣಿಸಿದ್ದಾರೆ. ಅದರಲ್ಲಿ ಒಂದು ನಿರನುಯೋಜ್ಯಾನುಯೋಗ, ದೋಷವಿಲ್ಲದ ಕಡೆ ದೋಷ ಹೊರಿಸುವುದು. ಇನ್ನೊಂದು ಪರ್ಯನುಯೋಜ್ಯೋಪೇಕ್ಷಣ, ಹಿಡಿಯಬೇಕಾದ ದೋಷವನ್ನು ಹಿಡಿಯದೆ ಬಿಡುವುದು. ನಾಲ್ಕೇ ನಿಮಿಷದಲ್ಲಿ ನಾನು ಎರಡನ್ನೂ ಮಾಡಿದ್ದೆ. ಹೆಸರುಗಳಿಂದ ಪ್ರಯೋಜನವೇ ಇಲ್ಲ ಎನ್ನುತ್ತಿಲ್ಲ. ಅರಿಸ್ಟಾಟಲ್ 13 ದೋಷಗಳನ್ನು ವಿಂಗಡಿಸಿದ್ದಾನೆ, ನ್ಯಾಯಸೂತ್ರ 5 ಹೇತ್ವಾಭಾಸಗಳನ್ನು, ಅಂದರೆ ಕಾರಣದಂತೆ ಕಂಡರೂ ಕಾರಣವಲ್ಲದವುಗಳನ್ನು. ಮನೆಯಲ್ಲಿ ಕೂತು ನಿಮ್ಮದೇ ವಾದವನ್ನು ಜಾಲಾಡಲು ಅವು ಒಳ್ಳೆಯ ಜರಡಿ. ವೇದಿಕೆಯಲ್ಲಿ ಹೆಸರು ಹೇಳಿದರೆ ಗೊತ್ತಿಲ್ಲದ ಕೇಳುಗನಿಗೆ ಅರ್ಥವಾಗುವುದಿಲ್ಲ, ಗೊತ್ತಿರುವ ತೀರ್ಪುಗಾರ ಕಾರಣ ಕೇಳುತ್ತಾನೆ. ಜೊತೆಗೆ, ಎದುರಾಳಿಯ ವಾದದಲ್ಲಿ ದೋಷವಿದೆ ಎಂದ ಮಾತ್ರಕ್ಕೆ ಅವಳ ತೀರ್ಮಾನ ಸುಳ್ಳಾಗುವುದಿಲ್ಲ. ಕೆಟ್ಟ ದಾರಿಯಲ್ಲೂ ಸರಿಯಾದ ಊರು ತಲುಪಬಹುದು.

ಖಂಡನೆಗೆ ನಾಲ್ಕು ಹೆಜ್ಜೆ ಸಾಕು: ಅವರು ಹೇಳಿದ್ದೇನು, ಎಲ್ಲಿ ನಿಲ್ಲುವುದಿಲ್ಲ, ಯಾಕೆ, ಅದರಿಂದ ಏನಾಯಿತು. ನಾನು ಹೇಳಬೇಕಿದ್ದದ್ದು ಹೀಗೆ: “ಹೋಂವರ್ಕ್ ನಿಂತರೆ ಅಭ್ಯಾಸ ನಿಂತು ಮಕ್ಕಳು ಹಿಂದೆ ಬೀಳುತ್ತಾರೆ ಎಂದರು. ಅಭ್ಯಾಸ ಬೇಕು, ಒಪ್ಪುತ್ತೇನೆ. ಆದರೆ ಅದು ಮನೆಯಲ್ಲೇ ಆಗಬೇಕು ಎನ್ನಲು ಅವರು ಕಾರಣ ಕೊಡಲಿಲ್ಲ. ತರಗತಿಯ ಕೊನೆಯ 15 ನಿಮಿಷ ಲೆಕ್ಕ ಮಾಡಿಸಿದರೆ, ತಪ್ಪಿದಲ್ಲೇ ತಿದ್ದಲು ಶಿಕ್ಷಕರು ಎದುರಿಗೇ ಇರುತ್ತಾರೆ. ಹಾಗಾಗಿ ಹೋಂವರ್ಕ್ ಹೋದರೂ ಅಭ್ಯಾಸ ಉಳಿಯುತ್ತದೆ. ಮುಂದಿನ ಕೊಂಡಿಗಳಿಗೆ ಆಸರೆ ಇಲ್ಲ.” ಗಡಿಯಾರ ಇಟ್ಟು ಓದಿ, ಅರ್ಧ ನಿಮಿಷದ ಆಸುಪಾಸು. ಮೊದಲ ಹೆಜ್ಜೆಯಲ್ಲಿ ಅವರ ವಾದವನ್ನು ಅವರೇ ತಲೆಯಾಡಿಸುವ ಹಾಗೆ ಹೇಳಿ. ತಿರುಚಿ ಸುಲಭ ಮಾಡಿಕೊಂಡರೆ ಅದೇ ಸ್ಟ್ರಾ ಮ್ಯಾನ್, ಅವರ ಜೊತೆಗಾರ ಎದ್ದು ‘ನಾವು ಹಾಗೆ ಹೇಳಲಿಲ್ಲ’ ಅಂದರೆ ನಿಮ್ಮ ಖಂಡನೆ ಅಲ್ಲಿಗೇ ಸತ್ತಂತೆ.

ಇದಕ್ಕೆ ಒಂದು ಹಾಳೆ ಬೇಕು. ಅಡ್ಡ ಇಟ್ಟು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಎದುರಾಳಿಯ ಒಂದೊಂದು ವಾದ, ಅದರ ಕೆಳಗೆ ಬಾಣದ ಗುರುತಿನಿಂದ ಕೊಂಡಿಗಳು. ಪೂರ್ತಿ ವಾಕ್ಯ ಬರೆಯುತ್ತ ಕೂತರೆ ಮುಂದಿನದು ತಪ್ಪಿಹೋಗುತ್ತದೆ. ಬಲಕ್ಕೆ ನಿಮ್ಮ ಉತ್ತರ, ಬೇರೆ ಬಣ್ಣದ ಪೆನ್ನಿನಲ್ಲಿ. ಎಲ್ಲ ವಾದಕ್ಕೂ ಉತ್ತರ ಕೊಡಲು ಹೋಗಬೇಡಿ. ಯಾವುದು ಬಿದ್ದರೆ ಅವರ ಪಕ್ಷವೇ ಬೀಳುತ್ತದೋ ಅಂಥ ಒಂದಕ್ಕೆ, ಹೆಚ್ಚೆಂದರೆ ಎರಡಕ್ಕೆ ಸುತ್ತು ಹಾಕಿ.

ನಿಮ್ಮ ವಾದ ಕಟ್ಟಲು ನ್ಯಾಯಸೂತ್ರದ ಹಳೆಯ ಪಂಚಾವಯವವೇ, ಅಂದರೆ ವಾದದ ಐದು ಅಂಗಗಳೇ ಚೆನ್ನ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ, ಹೊಗೆ ಕಾಣುತ್ತಿದೆಯಲ್ಲ, ಹೊಗೆ ಇದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡ ಹಾಗೆ, ಈ ಬೆಟ್ಟದಲ್ಲೂ ಅಂಥದೇ ಹೊಗೆ, ಆದ್ದರಿಂದ ಬೆಂಕಿ ಇದೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ನುಂಗಿಬಿಡುವುದು ಉಪನಯವನ್ನು. ಉದಾಹರಣೆ ಹೇಳಿ ನೇರ ತೀರ್ಮಾನಕ್ಕೆ ಹಾರುತ್ತಾರೆ. ಉದಾಹರಣೆ ಈ ವಿಷಯಕ್ಕೆ ಹೇಗೆ ಒಪ್ಪುತ್ತದೆ ಎಂಬ ಒಂದು ವಾಕ್ಯ ಕಾಣೆಯಾಗುತ್ತದೆ, ಎದುರಾಳಿ ಅಲ್ಲೇ ಕೈ ಹಾಕುತ್ತಾನೆ.

4 ನಿಮಿಷವಿದ್ದರೆ ಪೀಠಿಕೆಗೆ ಅರ್ಧ, ಎರಡು ವಾದಗಳಿಗೆ ತಲಾ ಒಂದು, ಖಂಡನೆಗೆ ಒಂದು, ಮುಕ್ತಾಯಕ್ಕೆ ಅರ್ಧ. ಮೂರನೆಯ ವಾದ ತುರುಕಬೇಡಿ. ಉಳಿದ ಎರಡು ವಾರ ದಿನಕ್ಕೊಂದು ಸಂಪಾದಕೀಯ ತೆಗೆದುಕೊಳ್ಳಿ, ಕೊಂಡಿಗಳನ್ನು ಬಾಣ ಹಾಕಿ ಬರೆಯಿರಿ, ಜಾರಿದ ಪದ ಯಾವುದು ನೋಡಿ, ಒಂದು ನಿಮಿಷ ನಿಂತು ಗಟ್ಟಿಯಾಗಿ ಖಂಡಿಸಿ. ಯಾವ ದೋಷದ ಹೆಸರೂ ಬಾಯಿಗೆ ಬರಕೂಡದು.